ನಡುಗಡ್ಡೆಯ ಮೀನೂಟ

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸದು. ಇನ್ನು ಮುಂದೆ ಯಾವ ಅಧಿಕಾರಿಯೂ ಬಡವರಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವಂತಿಲ್ಲ ಎಂಬ ಹುಕುಂ ಓದಿ ಹೇಳಲು ತಿಂಥಣಿಯ ಹತ್ತಿರ ಕೃಷ್ಣೆಯ ನಡುಗಡ್ಡೆಗೆ ಹೋಗಿದ್ದೆ. ಅಲ್ಲಿಯ ಅಂಬಿಗರ ಮನೆಯ ಮೀನುಸಾರು ಉಂಡೇ ಬರಬೇಕೆಂದು ನಮ್ಮ ಗುಮಾಸ್ತರ ಆಸೆ. ನನಗೂ ಬೇಡವೆನಿಸಲಿಲ್ಲ.

ಬುಟ್ಟಿ ಹೊತ್ತು ದಂಡೆಗೆ ಹೊರಟಿದ್ದ ಹೆಂಗಸರನ್ನೂ ಹರಗೋಲಿನವನನ್ನೂ ಕರೆಸಿ ಕೂರಿಸಿದೆ. ಓದಿ ಮುಗಿಯುವ ತನಕ ಒಬ್ಬರೂ ಏಳಕೂಡದು ಎಂದೆ. ಗುಮಾಸ್ತರು ಉರ್ದು ಪ್ರತಿಯನ್ನು ತಡವರಿಸುತ್ತ ಓದಿದರು. ಅದು ಸರಿಬರದೆ ನಾನೇ ಮೊದಲಿನಿಂದ ಕನ್ನಡದಲ್ಲಿ ಓದಿ, ಒಂದೊಂದು ಕಲಮನ್ನೂ ಬಿಡಿಸಿ ಹೇಳಿದೆ.

ಆಮೇಲೆ ಊಟ. ಜೋಳದ ರೊಟ್ಟಿ, ತಾಟಿನ ತುಂಬ ಮೀನು. ಸಾಕೆಂದರೂ ಬಡಿಸುತ್ತಲೇ ಇದ್ದರು.

"ಇಷ್ಟ್ಯಾಕ ಮಾಡಿದ್ರಬೇ?" ಎಂದು ಬಡಿಸುತ್ತಿದ್ದ ಮುದುಕಿಯನ್ನು ಕೇಳಿದೆ.

"ಸುರಪುರದ ಸಂತಿಗೆ ಹಿಡಿದಿದ್ದ ಮೀನ್ರಿ ಸಾಹೇಬ್ರ. ಊರಿಗೆ ಇರೋದು ಒಂದ ಹರಗೋಲು. ಮುಂಜಾನಿಂದ ನಿಮ್ಮ ಸಲುವಾಗಿ ನಿಂತದ. ಇನ್ನೆಲ್ಲಿ ಸಂತಿ? ಉಣ್ರಿ, ಇಟ್ರ ನಾರ್ತಾವ."

"ಮೊದಲ ಹೇಳಬಾರದೇನು?"

"ಹೆಂಗ ಹೇಳೋದ್ರಿ? ನೀವು ಓದಾಕತ್ತಿದ್ರಿ."

ಗುಮಾಸ್ತರು ಇನ್ನೊಂದು ತುಂಡು ಹಾಕಿಸಿಕೊಂಡರು. ನಾನು ಕೈ ತೊಳೆದು ಎದ್ದೆ. ನಾನು ಎದ್ದದ್ದರಿಂದ ಅವರ ಸಂತೆಯೇನೂ ತಿರುಗಿ ನೆರೆಯಲಿಲ್ಲ.

ಮರುದಿನ ವರದಿ ಬರೆದೆ: ಹುಕುಮನ್ನು ಎರಡು ಸಲ ಓದಲಾಯಿತು, ಗ್ರಾಮಸ್ಥರೆಲ್ಲರೂ ಕೊನೆಯವರೆಗೆ ಕುಳಿತು ಶಾಂತರಾಗಿ ಕೇಳಿದರು. ನಾನು ಸುಳ್ಳು ಬರೆಯುವವನಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.