ಮಂಕು ಬೆಸುಗೆ

ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ಕಾಯುತ್ತಿದ್ದೆ. ಅಂಗಡಿಯವನು ಕಾದ ಬೆಸುಗೆ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ಎಳೆಯಷ್ಟು ಬಿಳಿ ಹೊಗೆ ಎದ್ದು ಮೂಗಿಗೆ ಬಂತು. ಊದುಬತ್ತಿಯ ವಾಸನೆಗೆ ಕೆಲವರಿಗೆ ದೇವರು ನೆನಪಾಗುತ್ತಾನೆ. ಈ ಹೊಗೆಗೆ ನನಗೆ ನೆನಪಾಗುವುದು ಮೆಹರ್ ಆಪಾ, ಮತ್ತು ನಾನು ಮಾಡಿದ ಒಂದು ತಪ್ಪು.

ಆಗ ನಾನು ಗೌರಿಬಿದನೂರಿನ ಹೊರಗಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಬೆಸುಗೆ ವಿಭಾಗದ ಸೂಪರ್‌ವೈಸರ್. ಕತ್ತಿನಲ್ಲಿ ಗುರುತಿನ ಚೀಟಿ, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುತ್ತಿರಲಿಲ್ಲ, ಆದರೂ ಎರಡಿದ್ದರೆ ಗೌರವ ಎಂದು ನಂಬಿದ್ದೆ. ಸರ್ಕ್ಯೂಟ್ ಬೋರ್ಡುಗಳು ಸರಪಳಿಯ ಮೇಲೆ ಸಾಗಿ, ಮೊದಲು ಒಂದು ಗೂಡಿನಲ್ಲಿ ಬೆಚ್ಚಗಾಗಿ, ಆಮೇಲೆ ಕರಗಿದ ತವರದ ಅಲೆಯ ಮೇಲೆ ಹಾದು ಹೊರಬರುತ್ತಿದ್ದವು. ಕೊನೆಯ ಮೇಜಿನಲ್ಲಿ ಭೂತಗನ್ನಡಿ ಹಿಡಿದು ಒಂದೊಂದು ಬೆಸುಗೆಯನ್ನೂ ನೋಡುತ್ತಿದ್ದವರು ಮೆಹರ್ ಆಪಾ. ಅಲೀಪುರದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಮೊದಲು ಮನೆಯಲ್ಲೇ ಹರಳು ಉಜ್ಜುತ್ತಿದ್ದರಂತೆ. ಮಿನುಗು ಎಲ್ಲಿ ಸರಿಯಿಲ್ಲ ಎನ್ನುವುದನ್ನು ಅವರ ಕಣ್ಣಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆ ಚಳಿಗಾಲದಲ್ಲಿ ನಾವು ಮಾಡುತ್ತಿದ್ದುದು ಚಾಕಿ ಮನೆಗಳ ಪೆಟ್ಟಿಗೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಮೊದಲ ದಿನಗಳಲ್ಲಿ ಬೆಚ್ಚಗೆ ಸಾಕುವ ಕೋಣೆ ಅದು. ಗೋಡೆಯ ಮೇಲಿನ ಪುಟ್ಟ ಸೆನ್ಸರ್ ಕೋಣೆಯ ಕಾವನ್ನು ಪೆಟ್ಟಿಗೆಗೆ ತಿಳಿಸುತ್ತದೆ. ಪೆಟ್ಟಿಗೆ ಹೀಟರನ್ನು ಹಚ್ಚುತ್ತದೆ, ಆರಿಸುತ್ತದೆ. ಅಷ್ಟೇ ಕೆಲಸ.

ಬೋರ್ಡಿನ ಪ್ಲಾಸ್ಟಿಕ್ ಸಾಕೆಟ್ಟುಗಳು ಬಿಸಿಗೆ ಬಾಗುತ್ತಿವೆ ಎಂದು ನಾನು ಬೋರ್ಡು ಬೆಚ್ಚಗಾಗಿಸುವ ಗೂಡಿನ ಕಾವು ಇಳಿಸಿದೆ. ಬಾಗುವುದು ನಿಂತಿತು. ಯಾರೂ ಹೊಗಳದಿದ್ದರೂ ನಾನೇ ಹೊಗಳಿಕೊಂಡೆ. ಎರಡು ದಿನದ ಮೇಲೆ ಆಪಾ ಒಂದು ಬೋರ್ಡು ಹಿಡಿದು ಬಂದರು.

"ಸಾರ್, ಇದೊಂದು ಯಾಕೋ ಮಂಕಾಗೈತೆ."

"ಸೀಸ ಇಲ್ದಿರೋ ಬೆಸುಗೆ ಮಂಕಾಗೇ ಇರುತ್ತೆ ಆಪಾ. ಟ್ರೈನಿಂಗಲ್ಲಿ ಹೇಳಿದ್ರಲ್ಲ."

"ಆ ಮಂಕು ನನಗೆ ಗೊತ್ತು ಸಾರ್. ಇದು ಬೇರೆ. ಪಕ್ಕದ್ದೆಲ್ಲ ತಂತಿ ಕಾಲಿಗೆ ಹತ್ಕೊಂಡು ನಿಂತವೆ, ಇದು ಸುಮ್ನೆ ಗುಂಡಗೆ ಕೂತೈತೆ."

ನಾನು ನೋಡಿದೆ. ನೋಡಿದೆ ಎನ್ನುವುದಕ್ಕಿಂತ ಬೋರ್ಡಿನ ಕಡೆ ಮುಖ ಮಾಡಿದೆ. ಹೊರಗೆ ಸರಕು ಒಯ್ಯುವ ಗಾಡಿ ಕಾಯುತ್ತಿತ್ತು. "ಕಣ್ಣು ತೋರಿಸ್ಕೊಳ್ಳಿ ಆಪಾ," ಎಂದೆ. ಪಕ್ಕದ ಮೇಜಿನವರು ನಕ್ಕರು. ಆಪಾ ನಗದೆ ತಪಾಸಣೆಯ ಹಾಳೆಗೆ ಸಹಿ ಹಾಕಿದರು.

ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಶಿಡ್ಲಘಟ್ಟದ ಒಂದು ಚಾಕಿ ಮನೆಯಿಂದ ಫೋನು ಬಂತು. ಕೋಣೆ ಬೇಯುತ್ತಿದೆ, ನಿಮ್ಮ ಪೆಟ್ಟಿಗೆ ಮಾತ್ರ ಚಳಿ ಎಂದು ತೋರಿಸುತ್ತಿದೆ ಎಂದರು. ಸದ್ಯ, ಅವರು ನೋಡಿ ಹೀಟರ್ ಆರಿಸಿದ್ದರು. ನಾನು ಅದೇ ಬ್ಯಾಚಿನಲ್ಲಿ ಉಳಿದ ಒಂದು ಬೋರ್ಡು ತೆಗೆದು, ಸೆನ್ಸರಿನ ತಂತಿ ಬಂದು ಸೇರುವ ಸಾಕೆಟ್ಟಿನ ಕಾಲನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ತಳ್ಳಿದೆ. ಅದು ಅಲುಗಿತು. ಆ ಕಾಲು ಅಗಲವಾದ ತಾಮ್ರದ ಹಾಳೆಗೆ ಸೇರಿದ್ದು; ತಾಮ್ರ ಬಿಸಿಯನ್ನೆಲ್ಲ ಹೀರಿತ್ತು. ನಾನು ಕಾವು ಇಳಿಸಿದ್ದ ಗೂಡಿನಲ್ಲಿ ಅದು ಮೊದಲೇ ಕಾಯದೆ ಹೋದದ್ದಕ್ಕೆ ತವರ ಹಿಡಿಯದೆ ಮೇಲೆ ಕೂತಿತ್ತು. ಸಂಪರ್ಕ ತಪ್ಪಿದರೆ ಪೆಟ್ಟಿಗೆ ಚಳಿಯೆಂದೇ ತಿಳಿಯುತ್ತದೆ, ಹೀಟರ್ ಆರಿಸುವುದೇ ಇಲ್ಲ.

ಆ ಬ್ಯಾಚಿನ ಪೆಟ್ಟಿಗೆ ತೆಗೆದುಕೊಂಡವರಿಗೆಲ್ಲ ಫೋನು ಮಾಡಿ ಆರಿಸಲು ಹೇಳಿದೆ. ಒಬ್ಬರು ಎತ್ತಲಿಲ್ಲ: ಚಿಂತಾಮಣಿ ರಸ್ತೆಯ ರತ್ನಮ್ಮ. ಮತ್ತೆ ಮಾಡಿದೆ. ಎತ್ತಲಿಲ್ಲ. ಆಪಾ ಬೆಸುಗೆಯ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು, "ನಡೀರಿ ಸಾರ್," ಎಂದರು.

ವ್ಯಾನಿನಲ್ಲಿ ಆಪಾ ಬೈದಿದ್ದರೆ ಹಗುರಾಗುತ್ತಿದ್ದೆ. ದಾರಿಯುದ್ದಕ್ಕೂ ಅದೇ ನಂಬರು ಒತ್ತುತ್ತ ಹೋದೆ.

ರತ್ನಮ್ಮ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದರು, ಫೋನು ಮನೆಯೊಳಗಿತ್ತು. ಅವರು ಓಡಿಬಂದು ಚಾಕಿ ಮನೆಯ ಬಾಗಿಲು ತೆಗೆದರು. ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಬಂತು. ಪೆಟ್ಟಿಗೆಯ ಮೇಲೆ ಹನ್ನೆರಡು ಡಿಗ್ರಿ ಎಂದಿತ್ತು. ನಾನು ಸ್ವಿಚ್ಚು ಆರಿಸಿದೆ, ಆಪಾ ಕಿಟಕಿಗಳನ್ನು ತೆಗೆದರು. ತಟ್ಟೆಗಳಲ್ಲಿ ಒಂದು ಹುಳುವೂ ಅಲುಗುತ್ತಿರಲಿಲ್ಲ.

"ಎಲ್ಲಾ ಹೋದವಾ?" ಎಂದೆ.

"ಇರಪ್ಪ. ಎರಡನೇ ಜ್ವರಕ್ಕೆ ಕೂತವೆ. ಪೊರೆ ಬಿಡೋವಾಗ ಹುಳ ಅಲ್ಲಾಡಲ್ಲ." ರತ್ನಮ್ಮ ಒಂದೊಂದು ತಟ್ಟೆಗೂ ಬಗ್ಗಿ ನೋಡುತ್ತ ಹೋದರು. ನಾವಿಬ್ಬರೂ ಅವರ ಬೆನ್ನನ್ನೇ ನೋಡುತ್ತ ನಿಂತೆವು. "ಕೆಳಗಿನವು ತಲೆ ಎತ್ಕೊಂಡವೆ, ಜೀವ ಐತೆ." ಸ್ಟೂಲು ಹತ್ತಿ ಮೇಲಿನ ಎರಡು ಸಾಲು ನೋಡಿದರು. ಬಹಳ ಹೊತ್ತು ಇಳಿಯಲಿಲ್ಲ. "ಇವು ತಲೆ ಹಾಕ್ಬಿಟ್ಟವೆ, ಹೋದವು."

ಇಳಿದು ಬಂದು ಕೇಳಿದರು: "ಏಮಪ್ಪಾ ಇದು? ಯಾರು ಮಾಡಿದ್ದು?"

ಆಪಾ ನನ್ನ ಕಡೆ ನೋಡಲಿಲ್ಲ. ಗೋಡೆಯ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಬೆಸುಗೆ ನೋಡುವ ಮೇಜು ಅವರದು, ತಪಾಸಣೆಯ ಹಾಳೆಯ ಮೇಲಿನ ಸಹಿಯೂ ಅವರದು. ಮಿಷನ್ನು ಹಾಗೇನೇ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು ಎನ್ನುವುದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ.

"ನಾನೇ ಅಮ್ಮ," ಎಂದೆ. "ಇವರು ಮೊದ್ಲೇ ಹೇಳಿದ್ರು. ನಾನು ಕೇಳಲಿಲ್ಲ."

ರತ್ನಮ್ಮ ನನ್ನನ್ನು ಒಮ್ಮೆ, ಆಪಾರನ್ನು ಒಮ್ಮೆ ನೋಡಿದರು. "ಹಂಗಾದ್ರೆ ಆಯಮ್ಮನೇ ರಿಪೇರಿ ಮಾಡ್ಲಿ. ನೀನು ಮುಟ್ಟಬೇಡ."

ಆಪಾ ಬೋರ್ಡು ಬಿಚ್ಚಿ ಕಡ್ಡಿ ಕಾಯಿಸಿದರು. ಅದನ್ನು ತಾಮ್ರಕ್ಕೆ ತಾಗಿಸಿ ಹಿಡಿದೇ ಇದ್ದರು. "ಈಗ ತವರ ಕೊಡಬೋದಲ್ಲ," ಎಂದೆ. "ತಾಮ್ರ ಇನ್ನೂ ಕಾದಿಲ್ಲ ಸಾರ್. ಸುಮ್ನಿರಿ." ಆಮೇಲೆ ತವರ ಮುಟ್ಟಿಸಿದರು, ಅದು ನೀರಿನಂತೆ ಹರಿದು ಕಾಲನ್ನು ಅಪ್ಪಿ ಏರಿತು. ಪೆಟ್ಟಿಗೆಯ ಅಂಕಿಯೂ ರತ್ನಮ್ಮನ ಗೋಡೆಯ ಥರ್ಮಾಮೀಟರೂ ಒಂದೇ ಹೇಳುವವರೆಗೆ ಅಲ್ಲೇ ಕೂತಿದ್ದೆವು. ಸಂಜೆಗೆ ಕೆಳಗಿನ ತಟ್ಟೆಗಳಲ್ಲಿ ಒಂದೆರಡು ಹುಳು ಪೊರೆ ಬಿಟ್ಟು ತಲೆಯಾಡಿಸಿದವು. ರತ್ನಮ್ಮ ಆಗ ಟೀ ಕೊಟ್ಟರು, ಮೊದಲು ಆಪಾಗೆ.

ವರದಿಯನ್ನು ನನ್ನ ಹೆಸರಲ್ಲೇ ಬರೆದೆ. ಗೂಡಿನ ಕಾವು ಮೊದಲಿನಂತಾಯಿತು, ಬಿಸಿ ತಡೆಯುವ ಸಾಕೆಟ್ಟುಗಳು ಬಂದವು. ನನ್ನ ಸೂಪರ್‌ವೈಸರ್‌ಗಿರಿ ಹೋಯಿತು. ಮತ್ತೆ ಸಿಗಲು ವರ್ಷಗಳೇ ಹಿಡಿದವು, ಅದೂ ಬೇರೆ ಕಾರ್ಖಾನೆಯಲ್ಲಿ.

ಕಳೆದ ವಾರ ಅಲ್ಲಿ ಒಬ್ಬಾಕೆ ಬೋರ್ಡು ಹಿಡಿದು ಬಂದರು. "ಏನೋ ಸರಿಯಿಲ್ಲ ಅನ್ಸುತ್ತೆ ಸಾರ್. ಏನು ಅಂತ ಹೇಳಕ್ಕೆ ಗೊತ್ತಾಗ್ತಿಲ್ಲ." ಭೂತಗನ್ನಡಿ ಹಿಡಿದು ನೋಡಿದೆ. ನನಗೇನೂ ಕಾಣಿಸಲಿಲ್ಲ. ಲೈನು ನಿಲ್ಲಿಸಿದೆ. ಒಂದೂವರೆ ಗಂಟೆ ಹುಡುಕಿದೆವು. ಬೋರ್ಡು ಚೆನ್ನಾಗಿಯೇ ಇತ್ತು. ಆಕೆಯ ಮುಖ ಸಪ್ಪಗಾಯಿತು.

"ನಾಳೆ ಹಂಗೇ ಅನ್ಸಿದ್ರೆ ನಾಳೆನೂ ತನ್ನಿ," ಎಂದೆ.