ಅವ್ವನ ಪಟದಲ್ಲಿರುವ ಕಣ್ಣು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಿ, ಒಂದೇ ಫೋಟೊ. ಕನ್ನಡಿ ಒಡೆದಿತ್ತು. ಫೋಟೊದಲ್ಲಿದ್ದವಳು ಸತ್ತಿದ್ದಳು.

ಅದು ನಮ್ಮ ಅವ್ವನ ಫೋಟೊ. ಬದುಕಿದ್ದಾಗ ಅವಳದೊಂದು ಫೋಟೊ ತೆಗೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಜ್ವರ ಬಂದು ನಾಲ್ಕು ದಿನದಲ್ಲಿ ಹೋಗಿಬಿಟ್ಟಳು. ಮಣ್ಣಿಗೆ ಒಯ್ಯುವ ಮೊದಲು ಗೋಡೆಗೆ ಒರಗಿಸಿ ಕೂಡಿಸಿದ್ದರು. ಆಗ ಅಪ್ಪ ಓಡಿಹೋಗಿ ಸ್ಟುಡಿಯೋದವನನ್ನು ಕರೆತಂದ. ತಲೆ ತುಂಬ ಹೂವು, ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ, ಮುಚ್ಚಿದ ಕಣ್ಣು. ಫೋಟೊ ಹಾಗೆ ಬಂತು.

ಕಣ್ಣು ಮುಚ್ಚಿದ ಫೋಟೊವನ್ನು ನಮ್ಮಲ್ಲಿ ಗೋಡೆಗೆ ಹಾಕುತ್ತಿರಲಿಲ್ಲ. ಅದನ್ನು ಪೇಂಟರನಿಗೆ ಕೊಡುತ್ತಿದ್ದರು. ಅವನು ಅದನ್ನು ನೋಡಿಕೊಂಡು ದೊಡ್ಡದಾಗಿ, ಬಣ್ಣದಲ್ಲಿ, ಕಣ್ಣು ತೆರೆದ ಹಾಗೆ ಪಟ ಬರೆದುಕೊಡುತ್ತಿದ್ದ. ಸತ್ತವರ ಕಣ್ಣನ್ನು ನೋಡದೆ ಅವನು ಹೇಗೆ ಬರೆದಾನು? ಮನೆಯವರು ಹೇಳಬೇಕು. ನಮ್ಮ ಮನೆಯಿಂದ ಹೇಳಿದವಳು ನಾನು. ಆಗ ನನಗೆ ಹತ್ತು ವರ್ಷ. ಹೇಳಿದ್ದು ಸುಳ್ಳು.

ಅವ್ವನ ಎಡಗಣ್ಣು ಮೂಗಿನ ಕಡೆ ತಿರುಗಿತ್ತು. ಮೆಳ್ಳಗಣ್ಣು. ಮನೆಯಲ್ಲಿ ಅದು ನಮಗೆ ಕಾಣಿಸುತ್ತಲೇ ಇರಲಿಲ್ಲ, ನಿಮಗೆ ನಿಮ್ಮ ಅವ್ವನ ಮೂಗು ಕಾಣಿಸುವುದಿಲ್ಲವಲ್ಲ, ಹಾಗೆ. ಶಾಲೆಗೆ ಹೋದ ಮೇಲೆ ಕಂಡಿತು. ಓಣಿಯ ನಳದ ಹತ್ತಿರ ಅವ್ವ ನನ್ನನ್ನು ಕರೆದರೆ ಶಾಲೆಯ ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು, "ಲೇ, ನಿಮ್ಮವ್ವ ನಿನ್ನ ಕರದ್ಲೋ, ನನ್ನ ಕರದ್ಲೋ? ನೋಡೂದು ಇತ್ತಾಗ, ಕರಿಯೂದು ಅತ್ತಾಗ" ಎನ್ನುತ್ತಿದ್ದರು. ನಾನೂ ಅವರ ಜೊತೆ ನಕ್ಕಿದ್ದೇನೆ. ಒಂದು ದಿನ ಅವ್ವನಿಗೆ, ಶಾಲೆಯ ಕಡೆ ಬರಬ್ಯಾಡ ಎಂದು ಹೇಳಿದೆ. ಯಾಕೆ ಎಂದು ಕೇಳಲಿಲ್ಲ. ಆಮೇಲೆ ಬರಲಿಲ್ಲ.

ನಮ್ಮ ಅಪ್ಪ ಹೊಸಪೇಟೆ ಸ್ಟೇಷನ್ನಿನ ಹತ್ತಿರ ಜಟಕಾ ಹೊಡೆಯುತ್ತಿದ್ದ. ರೈಲಿಳಿದವರನ್ನು ಹಂಪಿಗೆ ಒಯ್ಯುವುದು, ತರುವುದು. ಅವ್ವ ಸತ್ತು ವರ್ಷ ತುಂಬುವ ದಿನಕ್ಕೆ ಪಟ ಸಿದ್ಧವಾಗಬೇಕಿತ್ತು. ಪೇಂಟರ್ ಎಲ್ಲ ಬರೆದು ಕಣ್ಣು ಮಾತ್ರ ಬಿಟ್ಟಿದ್ದ. ಆ ದಿನ ಬೆಳಿಗ್ಗೆ ಅಪ್ಪ ನನ್ನ ತಲೆಗೆ ಎಣ್ಣೆ ಹಚ್ಚಿ, ಓರೆಕೋರೆ ಜಡೆ ಹಾಕಿ, ಜಟಕಾದಲ್ಲಿ ಕೂಡಿಸಿಕೊಂಡು ಹೋದ. ಸಂಡೂರಿನಿಂದ ಅದಿರು ತುಂಬಿದ ಲಾರಿಗಳು ಸಾಲಾಗಿ ಬರುತ್ತಿದ್ದವು. ಕುದುರೆಯ ಬಿಳಿ ಹಣೆ ಪೇಂಟರನ ಅಂಗಡಿ ಮುಟ್ಟುವಷ್ಟರಲ್ಲಿ ಅದಿರಿನ ಧೂಳಿಗೆ ಕೆಂಪಗಾಗಿತ್ತು.

ಪೇಂಟರನ ಹೊಟ್ಟೆ ತುಂಬುತ್ತಿದ್ದುದು ಆ ಲಾರಿಗಳಿಂದಲೇ. ಲಾರಿಯ ಹಿಂದೆ ನಂಬರು ಬರೆಯುತ್ತಿದ್ದ, ಮುಂದೆ ದೇವರ ಹೆಸರು ಬರೆಯುತ್ತಿದ್ದ. ಅದಕ್ಕೂ ಮೊದಲು ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದನಂತೆ. ಅಂಗಡಿಯೆಂದರೆ ಒಂದು ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ಅಗಸೆ ಎಣ್ಣೆ, ಸೀಮೆ ಎಣ್ಣೆ, ಬೀಡಿ ಮೂರೂ ಕೂಡಿದ ವಾಸನೆ. ಗೋಡೆಗೆ ಒರಗಿಸಿ ಯಾರ್ಯಾರದೋ ಪಟಗಳನ್ನು ಇಟ್ಟಿದ್ದ. ಅಜ್ಜಂದಿರು, ಪೇಟ ಸುತ್ತಿದ ಸಾಹುಕಾರರು, ಹೆರಿಗೆಯಲ್ಲಿ ಸತ್ತ ಹುಡುಗಿಯರು. ನಡುವೆ ನಮ್ಮ ಅವ್ವ. ಹಸಿರು ಸೀರೆ, ಕೆಂಪು ಅಂಚು. ಕಣ್ಣಿನ ಜಾಗದಲ್ಲಿ ಎರಡು ಬಿಳಿ ಗುಳಿ.

ಅಪ್ಪ ಪೇಂಟರನಿಗೆ, "ಇಕಿ ಹೇಳ್ತಾಳ್ರಿ. ಅವರವ್ವನ ಕಣ್ಣು ಇಕಿಗೆ ಗೊತ್ತು" ಎಂದ. ನನಗೆ, "ಹೆಂಗಿದ್ವು ಹಂಗ ಹೇಳವ್ವ. ನಾ ಹಂಪಿಗೆ ಒಂದು ಗಾಡಿ ಹೊಡಕೊಂಡು ಬರ್ತೀನಿ" ಎಂದ. ತಾನೇ ಹೇಳಿ ಹೋಗಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೆಂಡತಿಯ ಕಣ್ಣಿನ ಮಾತನ್ನು ಇನ್ನೊಬ್ಬ ಗಂಡಸಿನ ಮುಂದೆ ಆಡಲು ಅವನಿಗೆ ಆಗಲಿಲ್ಲ, ಅಷ್ಟೇ. ಮಗಳು ಹೇಳುತ್ತಾಳೆ ಎಂದು ನಂಬಿದ.

ಪೇಂಟರ್ ನನ್ನನ್ನು ಡಬ್ಬಿಯ ಮೇಲೆ ಕೂಡಿಸಿದ. "ಫೋಟೊದಾಗ ನಿಮ್ಮವ್ವ ಮಕ್ಕೊಂಡಾಳ. ನೀ ಹೇಳಿದ್ರ ನಾ ಎಬ್ಬಸ್ತೀನಿ. ದೊಡ್ಡ ಕಣ್ಣೋ, ಸಣ್ಣವೋ?"

"ದೊಡ್ಡವು."

"ಏನಾರ ಗುರುತು ಇತ್ತೇನು? ಕಣ್ಣಾಗ ಹೂವು, ಹುಬ್ಬಿನ ಮ್ಯಾಲ ಕಲೆ, ಮೆಳ್ಳ, ಏನಾರ? ನಾಚಿಕಿ ಬ್ಯಾಡ. ಮುಚ್ಚಿಟ್ರ ಪಟ ನಿಮ್ಮವ್ವಂದು ಆಗಂಗಿಲ್ಲ."

ಅವನು ಆ ಮಾತನ್ನೇ ಕೇಳಿದ. ಕೇಳಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ. ನಳದ ಹತ್ತಿರದ ಹುಡುಗಿಯರೆಲ್ಲ ನಮ್ಮ ಮನೆಗೆ ಬಂದು, ಪಟದ ಮುಂದೆ ನಿಂತು, ತಿವಿದುಕೊಳ್ಳುವುದು ಕಣ್ಣಿಗೆ ಕಟ್ಟಿತು. "ಏನಿಲ್ಲ. ಥೇಟ್ ನನ್ನಂಗ ಇದ್ವು" ಎಂದೆ.

"ಹಂಗಾರ ಕೆಲಸ ಹಗುರಾತು. ನನ್ನ ಕಡೆ ನೋಡು, ಮಿಸುಕಬ್ಯಾಡ" ಎಂದು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿದ. ಸಣ್ಣ ಬ್ರಷ್ಷಿನ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಂಡು ನನ್ನ ಕಣ್ಣು ನೋಡಿದ, ಪಟ ನೋಡಿದ, ಮತ್ತೆ ನನ್ನ ಕಣ್ಣು ನೋಡಿದ. ತಗಡು ಕಾಯುತ್ತಿತ್ತು. ಬೆವರು ಹುಬ್ಬಿನಿಂದ ಇಳಿದರೂ ನಾನು ರೆಪ್ಪೆ ಬಡಿಯಲಿಲ್ಲ. ಎಷ್ಟು ಚೆನ್ನಾಗಿ ಕುಳಿತೆನೆಂದರೆ ಅವನು ನನಗೆ ಒಂದು ಪೆಪ್ಪರಮೆಂಟು ಕೊಟ್ಟ. ತಿಂದೆ.

ಮಧ್ಯಾಹ್ನ ಅಪ್ಪ ಬಂದ. ಪಟದ ಮುಂದೆ ನಿಂತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಒರೆಸಿಕೊಂಡದ್ದು ಭಾಳ ಹೊತ್ತಾಯಿತು. "ಹಿಂಗ ಅಂತ ನೀ ಹೇಳಿದೇನವ್ವ?" ಎಂದು ಕೇಳಿದ. ತಲೆ ಆಡಿಸಿದೆ.

"ಎರಡು ದಿನ ಹಸಿ ಇರ್ತೈತಿ, ಮುಟ್ಟಬ್ಯಾಡ್ರಿ" ಎಂದ ಪೇಂಟರ್. "ಏನಾರ ತಿದ್ದೂದಿದ್ರ ಅಷ್ಟರಾಗ ತರ್ರಿ. ಒಣಗಿದ ಮ್ಯಾಲ ನಾ ಕೈ ಹಚ್ಚಂಗಿಲ್ಲ."

"ಇರ್ಲಿ ಬಿಡ್ರಿ" ಎಂದ ಅಪ್ಪ.

ಜಟಕಾದಲ್ಲಿ ಪಟವನ್ನು ನಾನೇ ಹಿಡಿದು ಕುಳಿತೆ. ಧೂಳು ಹತ್ತಬಾರದೆಂದು ಮುಖವನ್ನು ನನ್ನ ಕಡೆ ತಿರುಗಿಸಿದ್ದೆ. ದಾರಿಯುದ್ದಕ್ಕೂ ಅವ್ವನ ಮುಖದಿಂದ ನನ್ನದೇ ಎರಡು ಕಣ್ಣು ನನ್ನನ್ನು ನೋಡುತ್ತ ಬಂದವು.

ಮನೆಗೆ ಬಂದರೆ ಕಂಪ್ಲಿಯಿಂದ ಚಿಗವ್ವ ಬಂದಿದ್ದಳು. ಅವ್ವನ ತಂಗಿ. ಬಸ್ಸಿನಲ್ಲಿ ಒಂದು ಗೊನೆ ಬಾಳೆಹಣ್ಣು, ಗಂಟಿನಲ್ಲಿ ಹೊಸ ಅಕ್ಕಿ ತಂದು, ಬಂದವಳೇ ಒಲೆ ಹಚ್ಚಿ, ಹೋಳಿಗೆಗೆ ಬೇಳೆ ಬೇಯಿಸಿ, ಎಣ್ಣೆಗಾಯಿ ಮಾಡಿಟ್ಟಿದ್ದಳು. ಮನೆಯೆಲ್ಲ ಬೆಲ್ಲದ ಘಮ. ಚಿಗವ್ವನದೂ ಅದೇ ಎಡಗಣ್ಣು, ಅವ್ವನ ಹಾಗೆಯೇ ಮೂಗಿನ ಕಡೆ ತಿರುಗಿದ್ದು. ಅಕ್ಕತಂಗಿಯರಿಬ್ಬರಿಗೂ ಅವರ ಅಪ್ಪನಿಂದ ಬಂದಿತ್ತು.

ನನಗೊಬ್ಬ ತಂಗಿ ಇದ್ದಳು, ಮೂರು ವರ್ಷದವಳು. ಅಪ್ಪ ಪಟವನ್ನು ಮಣೆಯ ಮೇಲಿಟ್ಟು, ಹಾರ ಹಾಕಿ, ತಂಗಿಯನ್ನು ಎತ್ತಿಕೊಂಡು, "ನೋಡವ್ವ, ಅವ್ವ" ಎಂದ. ತಂಗಿ ನೋಡಿದಳು. ತಲೆ ಅಲ್ಲಾಡಿಸಿದಳು. ಅಪ್ಪನ ಸೊಂಟದಿಂದ ಜಾರಿ ಇಳಿದು, ಚಿಗವ್ವನ ತೊಡೆ ಏರಿ, ಅವಳ ಎಡಗಣ್ಣಿನ ಮೇಲೆ ಬೆರಳಿಟ್ಟು, "ಅವ್ವ" ಎಂದಳು.

ಚಿಗವ್ವ ಆಗ ಪಟವನ್ನು ಸರಿಯಾಗಿ ನೋಡಿದಳು. ಆಮೇಲೆ ಅಪ್ಪನನ್ನು ನೋಡಿ, "ಮಾವ, ಪೇಂಟರಗ ಹೇಳಲಿಲ್ಲೇನು?" ಎಂದಳು. ಅಕ್ಕನ ಗಂಡನನ್ನು ಅವಳು ಮಾವ ಎನ್ನುತ್ತಿದ್ದಳು.

"ಅವ ತಪ್ಪು ಮಾಡ್ಯಾನ" ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ. ನನ್ನನ್ನು ಉಳಿಸಲು ಅವನು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಹಸಿ ಐತಲ್ಲ ಇನ್ನ. ನಾಳೆ ಒಯ್ರಿ, ತಿದ್ದಿ ಕೊಡ್ತಾನ. ನಾನೂ ಬರ್ತೀನಿ, ನನ್ನ ನೋಡಿ ಬರೀಲಿ" ಎಂದಳು ಚಿಗವ್ವ. ಅಷ್ಟು ಹಗುರವಾಗಿ ಹೇಳಿದಳು. ತನ್ನ ಕಣ್ಣನ್ನು ಅಕ್ಕನಿಗೆ ಕೊಡುವುದು ಅವಳಿಗೆ ಒಂದು ವಾಟಿ ಸಕ್ಕರೆ ಕೊಟ್ಟಷ್ಟೇ ಇತ್ತು.

ಆಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಬ್ಯಾಡ" ಎಂದೆ. "ಮೆಳ್ಳಗಣ್ಣಿನ ಪಟ ಹಾಕಿದ್ರ ಬಂದವರೆಲ್ಲ ನಗ್ತಾರ."

ಬಾಯಿಂದ ಹೊರಬಿದ್ದ ಮೇಲೆ ಯಾರ ಮುಂದೆ ಹೇಳಿದೆನೆಂದು ತಿಳಿಯಿತು. ಅಪ್ಪ ಕೈ ಎತ್ತಿದ. ಚಿಗವ್ವ ಆ ಕೈ ಹಿಡಿದಳು. "ಬಿಡ್ರಿ ಮಾವ, ವರ್ಷದ ದಿನ ಹುಡುಗಿಗೆ ಹೊಡೀಬ್ಯಾಡ್ರಿ" ಎಂದಳು. ತಂಗಿಯನ್ನು ತೊಡೆಯಿಂದ ಇಳಿಸಿ ಎದ್ದಳು. "ಜನ ಬರೂ ಹೊತ್ತಾತು. ನಾ ಒಳಗ ಇರ್ತೀನಿ."

ಸಂಜೆ ಓಣಿಯವರೆಲ್ಲ ಬಂದರು. ಪಟ ನೋಡಿ ಚಲೋ ಬಂದೈತಿ ಎಂದರು. "ಕಣ್ಣು ನೋಡವ್ವ, ಏನು ಲಕ್ಷಣ" ಎಂದಳು ಪಕ್ಕದ ಮನೆಯವಳು, ಹತ್ತು ವರ್ಷ ಅವ್ವನ ಜೊತೆ ಒಂದೇ ನಳದಲ್ಲಿ ನೀರು ಹಿಡಿದವಳು. ನಳದ ಹತ್ತಿರದ ಹುಡುಗಿಯರೂ ಬಂದಿದ್ದರು. ಒಬ್ಬರೂ ನಗಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಮಾಡಿದ ಅಡುಗೆಯನ್ನೆಲ್ಲ ಒಳಗಿಂದ ಪಾತ್ರೆ ಪಾತ್ರೆಯಾಗಿ ಸರಿಸುತ್ತಿದ್ದ ಚಿಗವ್ವನ ಬಳೆಯ ಕೈ ಮಾತ್ರ ಬಾಗಿಲಲ್ಲಿ ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಕಂಪ್ಲಿಗೆ ಹೋದಳು. ಹೋಗುವಾಗ ನನ್ನ ಜಡೆ ಬಿಚ್ಚಿ ನೆಟ್ಟಗೆ ಹಾಕಿ ಹೋದಳು.

ಎರಡು ದಿನ ನಾನು ಪಟದ ಸುತ್ತ ತಿರುಗಿದೆ. ಅಪ್ಪನಿಗೆ, ಪೇಂಟರನದು ತಪ್ಪಲ್ಲ, ಒಯ್ಯೋಣ ನಡಿ ಎನ್ನಬೇಕೆಂದು ಬಾಯಿಯವರೆಗೆ ಬರುತ್ತಿತ್ತು. ಮೂರನೆಯ ದಿನ ಪಟದ ಕಣ್ಣಿನ ಮೇಲೆ ಬೆರಳಿಟ್ಟು ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಒಣಗಿತ್ತು.

ಚಿಗವ್ವ ಆಮೇಲೂ ಬರುತ್ತಿದ್ದಳು, ನಮ್ಮನ್ನು ಸಾಕಿದವಳೇ ಅವಳು. ಆದರೆ ನಮ್ಮ ಮನೆಯಲ್ಲಿ ಕುಳಿತರೆ ಎಡಗಡೆ ಗೋಡೆ ಬರುವ ಹಾಗೆ ನೋಡಿ ಕೂರುತ್ತಿದ್ದಳು, ಸೆರಗನ್ನು ಆ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಸಾಯುವವರೆಗೂ ಹಾಗೆಯೇ. ನನ್ನ ಮದುವೆಯಲ್ಲಿ ಫೋಟೊದವನು ಕರೆದಾಗ, ಒಲೆಯ ಮೇಲೆ ಹಾಲಿಟ್ಟೀನಿ ಎಂದು ಒಳಗೆ ಹೋದಳು. ಹಾಲು ಇಟ್ಟಿರಲಿಲ್ಲ. ಅವಳದು ಒಂದು ಫೋಟೊ ಕೂಡ ಇಲ್ಲ. ಅವಳ ಮುಂದೆ ನಾನು ತಪ್ಪಾಯಿತು ಎನ್ನಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಲವತ್ತು ವರ್ಷ ಕಳೆದೆ.

ಪಟ ಮಾತ್ರ ಬೆಳೆಯುತ್ತ ಹೋಯಿತು. ತಂಗಿ ಗಂಡನ ಮನೆಗೆ ಹೋಗುವಾಗ ಸ್ಟುಡಿಯೋದಲ್ಲಿ ಅದರದೊಂದು ಫೋಟೊ ಹೊಡೆಸಿ ಒಯ್ದಳು. ದೊಡ್ಡವಳಾದ ಮೇಲೆ ಅವಳಿಗೆ ಅವ್ವನ ಕಣ್ಣಿನ ನೆನಪಿರಲಿಲ್ಲ, ಪಟವೇ ಅವ್ವ. ಅದರಿಂದ ಇನ್ನೊಂದು ಪ್ರತಿ ಮರಿಯಮ್ಮನಹಳ್ಳಿಗೆ, ತಂಗಿಯ ಮಗಳ ಮನೆಗೆ, ಇನ್ನೊಂದು ತೋರಣಗಲ್ಲಿಗೆ, ಫ್ಯಾಕ್ಟರಿಯಲ್ಲಿರುವ ನನ್ನ ಮಗನ ಮನೆಗೆ. ಅವನ ಗೃಹಪ್ರವೇಶಕ್ಕೆ ಬಾಗಿಲಷ್ಟು ದೊಡ್ಡ ಫ್ಲೆಕ್ಸು ಹಾಕಿಸಿದ. ಈಗ ಎಲ್ಲರ ಫೋನಿನಲ್ಲೂ ಇದೆ. ಎಲ್ಲಿ ನೋಡಿದರೂ ಎರಡು ನೆಟ್ಟನೆಯ ಕಣ್ಣು.

ನಮ್ಮ ಕಾಲದಲ್ಲಿ ಒಬ್ಬರ ಕಣ್ಣು ಬದಲಿಸಲು ಒಬ್ಬ ಪೇಂಟರ್ ಬೇಕಿತ್ತು, ಒಂದು ದಿನ ಬೇಕಿತ್ತು, ಒಂದು ಸುಳ್ಳು ಬೇಕಿತ್ತು. ನಿಮಗೆ ಒಂದು ಬೆರಳು ಸಾಕು. ಮೊನ್ನೆ ನನ್ನ ಸಣ್ಣ ಮೊಮ್ಮಗಳು ಅವಳ ಅಮ್ಮನ ಫೋನು ಹಿಡಿದು ಕುಳಿತಿದ್ದಳು. ಬಗ್ಗಿ ನೋಡಿದೆ. ತನ್ನದೇ ಫೋಟೊ ತೆಗೆದು, ಎಡಗಣ್ಣನ್ನು ಉಜ್ಜಿ ಉಜ್ಜಿ ನಡುವಿಗೆ ತರುತ್ತಿದ್ದಳು. ನನ್ನನ್ನು ಕಂಡು ಫೋನು ಬೋರಲು ಹಾಕಿದಳು. ಡಾಕ್ಟರು ಕನ್ನಡಕ ಕೊಟ್ಟಿದ್ದಾರೆ, ಹಾಕಿಕೊಂಡರೆ ಸರಿಹೋಗಬಹುದು ಎಂದಿದ್ದಾರೆ. ಸರಿಹೋದರೆ ಹೋಗಲಿ, ಒಳ್ಳೆಯದು. ಅವಳು ಕೇಳಿದ್ದು ಬೇರೆ. ಗೋಡೆಯ ಮೇಲಿನ ಪಟ ತೋರಿಸಿ, "ಅಜ್ಜಿ, ಅವರಿಗಿಲ್ಲ, ನಿನಗಿಲ್ಲ, ಅಪ್ಪಗಿಲ್ಲ. ನನಗೊಬ್ಬಾಕಿಗೆ ಎಲ್ಲಿಂದ ಬಂತು?" ಎಂದಳು.

ಅವತ್ತು ಅವಳ ಕನ್ನಡಕ ಒರೆಸಿ ಹಾಕಿ ಎದ್ದುಹೋದೆ. ಈಗ ನಿನಗೇ ಹೇಳುತ್ತೇನೆ, ನಿನ್ನ ಅಣ್ಣತಮ್ಮಂದಿರೂ ಕೇಳಲಿ. ನಿನ್ನ ಮುಖದಲ್ಲಿರುವುದು ನಮ್ಮ ಅವ್ವನ ಕಣ್ಣು. ಗೋಡೆಯ ಮೇಲಿರುವುದು ನನ್ನದು.