ಗೌರಕ್ಕ ಗೆದ್ದ ಮೋರಿ

ಮೋಡ ಕಟ್ಟಿತೆಂದರೆ ನಮ್ಮ ಬೀದಿಯವರೆಲ್ಲ ಒಣಹಾಕಿದ ಬಟ್ಟೆ ತೆಗೆಯಲು ಮಹಡಿಗೆ ಓಡುತ್ತಿದ್ದರು. ಗೌರಕ್ಕ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಡಾರಿ ಹಿಡಿದು ಮೋರಿಗೆ ಬರುತ್ತಿದ್ದರು. ತಮ್ಮ ಮನೆ ಮುಂದೆ ಮೋರಿಯ ಮೇಲಿನ ಚಪ್ಪಡಿಯನ್ನು ಮೀಟಿ ಎತ್ತಿ, ಒಳಗೆ ಸಿಕ್ಕಿಕೊಂಡ ಕವರು, ತೆಂಗಿನ ಚಿಪ್ಪು, ಹರಿದ ಚಪ್ಪಲಿಗಳನ್ನು ಎಳೆದು ಹಾಕುತ್ತಾ ಒಂದೊಂದಕ್ಕೂ ಹೆಸರು ಹಿಡಿದು ಬೈಯುತ್ತಿದ್ದರು. "ಲೇ ಮಂಜ, ಇದು ನಿಮ್ಮನೆ ಹಾಲಿನ ಕವರು ಕಣೋ. ಬಂದು ತಗೊಂಡೋಗು!"

ನಮ್ಮದು ದೊಡ್ಡಬಳ್ಳಾಪುರ ಸೀಮೆಯ ಮಗ್ಗದ ಬೀದಿ. ಗೌರಕ್ಕ ಎದುರು ಮನೆಯವರು. ಗಂಡ ತೀರಿಕೊಂಡ ಮೇಲೆ ಮನೆಯೊಳಗಿದ್ದ ಒಂದೇ ಕರೆಂಟ್ ಮಗ್ಗವನ್ನು ಅವರೇ ನಡೆಸುತ್ತಿದ್ದರು. ಹಳೇ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಸುರಿಯುವುದು ನಮ್ಮ ಕಡೆಯ ಪದ್ಧತಿ. ಹಾಗೆ ರಸ್ತೆ ಏರುತ್ತಾ ಹೋದಂತೆ ಉಳಿದವರು ಮನೆಯ ನೆಲವನ್ನು ಎತ್ತಿಸಿಕೊಂಡರು. ಗೌರಕ್ಕನಿಗೆ ಆಗಲಿಲ್ಲ. ಸೀರೆಗೆ ಹೂಬಳ್ಳಿ ಮೂಡಿಸುವ ಜಕಾರ್ಡು ಮಗ್ಗದ ನೆತ್ತಿಯ ಮೇಲೆ ಕೂತಿರುತ್ತದೆ. ನೆಲ ಎತ್ತಿದರೆ ಅದು ಸೂರಿಗೆ ತಾಗುತ್ತದೆ, ಸೂರು ಎತ್ತಿಸುವ ಶಕ್ತಿ ಅವರಿಗೆಲ್ಲಿಂದ ಬರಬೇಕು? ಹಿಂದೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಆ ಮನೆಗೆ ಈಗ ಮೆಟ್ಟಿಲಿಳಿದು ಹೋಗಬೇಕಾಗಿತ್ತು.

ಮಳೆ ಜೋರಾದರೆ ಮೋರಿ ಉಕ್ಕಿ ನೀರು ನೇರ ಅವರ ಮನೆಗೆ ನುಗ್ಗುತ್ತಿತ್ತು. ಅವರು ಮೊದಲು ಮಗ್ಗದ ಮೋಟಾರು ಬಿಚ್ಚಿ ಮಂಚದ ಮೇಲೆ ಮಲಗಿಸುತ್ತಿದ್ದರು. "ನಾನು ನೆಂದ್ರೆ ಒಣಗ್ತೀನಿ. ಇದು ನೆಂದ್ರೆ ನನ್ ಹೊಟ್ಟೆ ಒಣಗ್ತದೆ" ಎನ್ನುತ್ತಿದ್ದರು. ಒಂದು ಮಧ್ಯಾಹ್ನದ ಮಳೆಯಲ್ಲಿ ಮೋಟಾರು ಉಳಿಯಿತು, ನೇಯ್ದು ಸುತ್ತಿದ್ದ ಸೀರೆಗಳು ಉಳಿಯಲಿಲ್ಲ. ಕೆಂಪು ಅಂಚಿನ ಬಣ್ಣವೆಲ್ಲ ಸೀರೆಯ ಒಡಲಿಗೆ ಇಳಿದಿತ್ತು. ಅವತ್ತು ಅವರು ಯಾರನ್ನೂ ಬೈಯಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

ಮಾರನೆಯ ದಿನದಿಂದ ಅವರು ನಗರಸಭೆ ಆಫೀಸು ಅಲೆಯತೊಡಗಿದರು. ಜೊತೆಗೆ ನಾನೂ ಹೋಗುತ್ತಿದ್ದೆ. "ಮೋರಿ ಇಲ್ಲ ಅಂತ ನಾನ್ ಹೇಳ್ತಿಲ್ಲ ಸಾರ್. ಮೋರಿ ಐತೆ, ಆದ್ರೆ ನೀರಿಗೆ ಆ ವಿಷ್ಯ ಗೊತ್ತಿಲ್ಲ" ಎಂದು ಎಂಜಿನಿಯರ ಮುಂದೆ ಕೂತರು. ಆತ ರಣರಣ ಬಿಸಿಲಿನ ದಿನ ಬಂದು, "ಒಣಗಿದೆಯಲ್ಲಮ್ಮ" ಎಂದ. ಮಳೆ ಬಂದಾಗ ಬನ್ನಿ ಎಂದರೆ, "ಮಳೇಲಿ ಈ ಬೀದಿಗೆ ಜೀಪು ಬರಲ್ಲ" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೀದಿಯವರಾದರೂ ಸುಲಭದವರೇ? ಮನೆಮನೆಯ ಮುಂದೆಯೂ ಮೋರಿಗೆ ಚಪ್ಪಡಿ ಮುಚ್ಚಿ, ಸಿಮೆಂಟು ಮೆತ್ತಿ, ಬೈಕು ನಿಲ್ಲಿಸಿದ್ದರು. ಒಳಗೆ ಹೂಳೆತ್ತಲು ಸಲಿಕೆ ತೂರುವ ಜಾಗವಿರಲಿಲ್ಲ. ಗೌರಕ್ಕ ತಮ್ಮ ಮನೆಯ ಚಪ್ಪಡಿಯನ್ನು ಕಿತ್ತು ಹಲಗೆ ಹಾಕಿಕೊಂಡು, ಉಳಿದವರನ್ನು ಕೇಳುತ್ತಾ ಬಂದರು. ನಮ್ಮಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ರಂಗೋಲಿ ಬಿಡೋ ಕಲ್ಲು ಕಣೇ ಗೌರಿ. ಅದನ್ನ ಕಿತ್ರೆ ಬಾಗಿಲಿಗೆ ಏನ್ ಲಕ್ಷಣ?"

"ನಿನ್ ರಂಗೋಲಿ ನನ್ ಅಡುಗೆಮನೇಲಿ ತೇಲ್ತೈತೆ ಕಣಕ್ಕ" ಎಂದು ಗೌರಕ್ಕ ಹೊರಟುಹೋದರು.

ಅಲೆದೂ ಅಲೆದೂ ಕೊನೆಗೆ ಹೊಸ ಮೋರಿ ಮಂಜೂರಾಯಿತು. ಗುದ್ದಲಿ ಪೂಜೆಯ ದಿನ ಮುಖಂಡರೆಲ್ಲ ಫೋಟೋಕ್ಕೆ ನಿಂತರು, ಕಾಯಿ ಒಡೆದದ್ದು ಮಾತ್ರ ಗೌರಕ್ಕ. ಕೆಲಸದವರಿಗೆ ದಿನವೂ ಅವರದೇ ಟೀ. ಹಳೇ ಚಪ್ಪಡಿಗಳೆಲ್ಲ ಎದ್ದವು. ಹೊಸ ಮೋರಿಯ ಗೋಡೆ ಏಳುತ್ತಾ ಏಳುತ್ತಾ ರಸ್ತೆಯ ಮಟ್ಟಕ್ಕೆ ಬಂದು ನಿಂತಿತು. ಅಂದರೆ ಗೌರಕ್ಕನ ಹೊಸ್ತಿಲಿಗಿಂತ ಮೇಲೆ!

ಮೊದಲ ದೊಡ್ಡ ಮಳೆಗೆ ಬೀದಿಯಲ್ಲಿ ಹನಿ ನೀರು ನಿಲ್ಲಲಿಲ್ಲ. ನಾವೆಲ್ಲ ಬಾಗಿಲಲ್ಲಿ ನಿಂತು ಖುಷಿಪಡುತ್ತಿದ್ದಾಗ ಎದುರು ಮನೆಯಿಂದ ಪಾತ್ರೆಗಳ ಸದ್ದು ಕೇಳಿತು. ಮೋರಿಯ ನೀರು ಬಚ್ಚಲಿನ ಪೈಪಿನಲ್ಲಿ ಹಿಂದಕ್ಕೆ ಬಂದು ಗೌರಕ್ಕನ ಮನೆಯನ್ನು ತುಂಬುತ್ತಿತ್ತು. ಮೋಟಾರು ಬಿಚ್ಚಲು ಸಮಯವೂ ಸಿಕ್ಕಿರಲಿಲ್ಲ.

ಎಂಜಿನಿಯರು ಬಂದು ನೋಡಿ, "ಲೆವೆಲ್ ಸರಿಯಾಗೇ ಇದೆ. ನಿಮ್ಮ ಮನೇನೇ ತಗ್ಗಲ್ಲಿದೆಯಮ್ಮ" ಎಂದ.

"ತಗ್ಗಲ್ಲಿ ನಾನ್ ಕಟ್ಟಿದ್ದಲ್ಲ ಸ್ವಾಮಿ. ನೀವೇ ಸುತ್ತ ಎತ್ತಿಕೊಂಡು ಬಂದ್ರಿ" ಎಂದರು ಗೌರಕ್ಕ. ನಾನು ಕೂಗಾಡಿದೆ, ಏನೂ ಗಿಟ್ಟಲಿಲ್ಲ. ಬೀದಿಯವರನ್ನು ಕರೆದರೆ, "ನಮಗೆ ಸರಿಹೋಯ್ತಲ್ಲ ಗುರು, ಮತ್ತೆ ಯಾಕೆ ಅಗೆಸೋದು?" ಎಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತದೆ.

ದೀಪಾವಳಿ ಕಳೆದ ಮೇಲೆ ಮಗ್ಗ ಬಿಚ್ಚಿ ಮಾರಿ, ಗೌರಕ್ಕ ದೊಡ್ಡಬೆಳವಂಗಲದ ತಂಗಿಯ ಮನೆಗೆ ಹೊರಟರು. ಟೆಂಪೋ ಹತ್ತುವ ಮುನ್ನ ಗಡಾರಿಯನ್ನು ನನ್ನ ಕೈಗಿತ್ತರು. "ಇಟ್ಕೋ, ಬೇಕಾಗ್ತದೆ."

"ಹೊಸ ಮೋರಿ ಬಂತಲ್ಲ ಗೌರಕ್ಕ, ಇನ್ನೇನಕ್ಕೆ?"

ಅವರು ಮೂಲೆ ಮನೆಯ ಕಡೆ ಕೈ ತೋರಿದರು. ಅಲ್ಲಿ ಹೊಸ ಮೋರಿಯ ಮೇಲೆ ಹೊಸ ಚಪ್ಪಡಿ, ಅದರ ಮೇಲೆ ಬೈಕು.

ಈಗ ನಮ್ಮ ಮನೆಯ ಮುಂದೂ ಅಂಥದೊಂದು ಚಪ್ಪಡಿಯಿದೆ. ನಾನು ಕೆಲಸಕ್ಕೆ ಹೋಗಿದ್ದಾಗ ಅಮ್ಮ ಮೇಸ್ತ್ರಿಯನ್ನು ಕರೆಸಿ ಕೂರಿಸಿದ್ದಾರೆ, ನಾಲ್ಕೂ ಕಡೆ ಸಿಮೆಂಟು ಬಳಿಸಿ. ಮೊನ್ನೆ ಸಂಜೆ ಮೋಡ ಕಟ್ಟಿತು. ಬೀದಿಯವರೆಲ್ಲ ಬಟ್ಟೆ ತೆಗೆಯಲು ಓಡಿದರು. ಅಮ್ಮ ಚಪ್ಪಡಿಯ ಮೇಲೆ ನಿಂತು ಎದುರಿನ ಬೀಗ ಹಾಕಿದ ಬಾಗಿಲನ್ನೇ ನೋಡುತ್ತಾ, "ಗೌರಿ ಇದ್ದಿದ್ರೆ ಇಷ್ಟೊತ್ತಿಗೆ ಬೈಯೋಳು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ ಗಡಾರಿ ತಂದೆ.

"ಸ್ವಲ್ಪ ಪಕ್ಕಕ್ಕೆ ಬಾಮ್ಮ" ಎಂದೆ.

ಅಮ್ಮ ಕದಲಲಿಲ್ಲ. ಮಳೆ ಶುರುವಾಯಿತು.